ಬುಟ್ಟಿ ಎತ್ತಿದವನು

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ, ಕಾಡಿನ ಅಂಚಿಗೆ ಒತ್ತಿಕೊಂಡಂತೆ ನಮ್ಮೂರಿನ ಹೊಲಗಳಿವೆ. ಅಲ್ಲಿ ಒಂದು ಕಟ್ಟಳೆ ಇದೆ. ಹೊಲದಲ್ಲಿ ಹುಲಿಯ ಹೆಜ್ಜೆ ಕಂಡವರು ಮೊದಲು ಆ ಹೆಜ್ಜೆಯ ಮೇಲೆ ಒಂದು ಬುಟ್ಟಿಯನ್ನು ಕವುಚಿ ಹಾಕಬೇಕು. ಹೆಜ್ಜೆ ಕೆಡದಿದ್ದರೆ ಅರಣ್ಯ ಇಲಾಖೆಯ ವಾಚರ್ ಬಂದು ಅಳತೆ ತೆಗೆದುಕೊಳ್ಳುತ್ತಾನೆ ಎಂಬುದು ಒಂದು ಕಾರಣ. ದೂರದಿಂದ ಬರುವವರಿಗೂ ಬುಟ್ಟಿ ಕಾಣುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬುಟ್ಟಿ ಕವುಚಿದ ಹೊಲಕ್ಕೆ ಯಾರೂ ಇಳಿಯುವುದಿಲ್ಲ. ವಾಚರ್ ಬಂದು, ಹಳ್ಳದ ತನಕ ನೋಡಿ, ತಾನೇ ಕೈಯಾರೆ ಬುಟ್ಟಿ ಎತ್ತಬೇಕು. ಅಲ್ಲಿಯ ತನಕ ಬೆಳೆ ಉದುರಿಹೋದರೂ ಸರಿಯೇ.

ಈ ಕಟ್ಟಳೆಯನ್ನು ಮುರಿದವರನ್ನು ನಾನು ಕಂಡಿಲ್ಲ. ಹೋದ ವರ್ಷ ನಾನೇ ಮುರಿದೆ. ಊರಿನವರ ಎದುರು ಬಾಯಿಬಿಟ್ಟು ಹೇಳಿ ಆಗಿದೆ. ಆದರೂ ಎದೆಯ ಮೇಲಿನ ಭಾರ ಇಳಿಯಲಿಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ನನ್ನ ಓದು ಹೈಸ್ಕೂಲಿಗೆ ಮುಗಿಯಿತು. ಆಮೇಲಿನದೆಲ್ಲ ಚೆಂಡುಹೂವಿನ ಜೊತೆಗಿನ ಬದುಕು. ನಮ್ಮ ಕಡೆ ಮುಂಗಾರಿನಲ್ಲಿ ಬೆಳೆಯುವ ಈ ಹೂವು ಮಾಲೆಗೆ ಹೋಗುವುದಿಲ್ಲ. ಕಾರ್ಖಾನೆಗೆ ಹೋಗಿ, ಒಣಗಿ, ಪುಡಿಯಾಗಿ, ಬಣ್ಣದ ಸತ್ವವಾಗಿ ಹಡಗು ಹತ್ತುತ್ತದೆ. ಅದನ್ನು ಕಣ್ಣಿಗೆ ಒಳ್ಳೆಯದೆಂದು ಅಮೆರಿಕದವರು ಮಾತ್ರೆ ಮಾಡಿ ನುಂಗುತ್ತಾರೆ. ರೈತರಿಗೆ ಬೀಜ ಹಂಚುವುದು, ಯಾವ ಹೊಲದಲ್ಲಿ ಯಾವತ್ತು ಹೂವು ಬಿಡಿಸಬೇಕೆಂದು ಗೊತ್ತುಮಾಡುವುದು, ತೂಕದ ಶೆಡ್ಡಿನಲ್ಲಿ ನಿಲ್ಲುವುದು ನನ್ನ ಕೆಲಸ. ಫೀಲ್ಡ್‌ಮ್ಯಾನ್ ಎನ್ನುತ್ತಾರೆ. ಮುದುಕನಾದರೂ ಕಾರ್ಖಾನೆಯವರು ನನ್ನನ್ನು ಬಿಡಲಿಲ್ಲ. ಆನೆ ಈ ಹೂವನ್ನು ತಿನ್ನುವುದಿಲ್ಲ, ಹಾಗಾಗಿ ಕಾಡಂಚಿನವರಿಗೆ ಇದು ಧೈರ್ಯದ ಬೆಳೆ. ಆದರೆ ಸೊಂಟದೆತ್ತರ ಬೆಳೆದ ಸಾಲುಗಳ ನಡುವೆ ಏನು ಮಲಗಿದ್ದರೂ ಕಾಣುವುದಿಲ್ಲ. ಹೂವು ಬಿಡಿಸುವ ಹೆಂಗಸರು ದಿನವೆಲ್ಲ ಬಗ್ಗಿಕೊಂಡೇ ಇರುತ್ತಾರೆ. ಬಗ್ಗಿದ ಮನುಷ್ಯ ಹುಲಿಯ ಕಣ್ಣಿಗೆ ಮನುಷ್ಯನಂತೆ ಕಾಣುವುದಿಲ್ಲ ಎಂದು ವಾಚರ್‌ಗಳು ಪ್ರತಿ ವರ್ಷ ಬಂದು ಹೇಳಿ ಹೋಗುತ್ತಾರೆ.

ಆ ಹೆಂಗಸರ ಗುಂಪಿಗೆ ಒಬ್ಬಳು ಮುಂದಾಳು ಇದ್ದಳು. ಗಂಡ ತೀರಿಹೋದ ಮೇಲೆ ಹೂವಿನ ಕೆಲಸಕ್ಕೆ ಬಂದವಳು. ಬಾಯಿ ಜೋರು, ನಗುವೂ ಜೋರು. ಬೆಳಿಗ್ಗೆ ಅವಳು ಮೊದಲು ಬದುವಿನ ಮೇಲೆ ನಡೆದು ನೆಲ ನೋಡಬೇಕು. ಅವಳು ‘ಇಳೀರಮ್ಮಿ’ ಎಂದ ಮೇಲೆಯೇ ಉಳಿದವರು ಹೊಲಕ್ಕೆ ಇಳಿಯುವುದು. ಕಣ್ಣಿನ ಮಾತ್ರೆಯ ವಿಷಯ ತಿಳಿದಾಗ ಅವಳು ನನ್ನನ್ನು ಶೆಡ್ಡಿನಲ್ಲಿ ಎಲ್ಲರೆದುರು ಹಿಡಿದು ನಿಲ್ಲಿಸಿದ್ದಳು.

“ಬಗ್ಗಿ ಬಗ್ಗಿ ಊವ ಕಿತ್ತು ನಮ್ ಸೊಂಟ ಓಯ್ತು, ಅವ್ರಿಗೆ ಕಣ್ ಬಂತು. ಸೊಂಟುಕ್ಕೂ ಒಂದ್ ಗುಳಿಗೆ ಮಾಡಿ ಕಳಿಸ್ರಪ್ಪ ಅಂತ ಕಾಗ್ದ ಬರಿ ಕಣಣ್ಣ. ನೀನು ಓದ್ದೋನಲ್ವಾ.”

ಇನ್ನು ನನ್ನ ತಂಗಿಯ ಮಗಳ ಮಾತು. ತಂಗಿಯನ್ನು ಕುದೇರಿಗೆ ಕೊಟ್ಟಿದ್ದೇವೆ. ಅವಳ ಮಗಳು ಗಡಿಯಾಚೆ ಕೇರಳದಲ್ಲಿ ನರ್ಸಿಂಗ್ ಕಲಿತು, ಅಲ್ಲಿನ ಗೆಳತಿಯರ ಜೊತೆಯಲ್ಲೇ ಪರೀಕ್ಷೆ ಕಟ್ಟಿ ಅಮೆರಿಕದ ಆಸ್ಪತ್ರೆಯೊಂದಕ್ಕೆ ಹೋದಳು. ಹೋಗಿ ಬಹಳ ವರ್ಷವಾಯಿತು, ಈಗ ಅಲ್ಲಿನ ಪ್ರಜೆ. ರಜೆಯ ದಿನಗಳಲ್ಲಿ ಅವಳಿಗೆ ಇನ್ನೊಂದು ಕೆಲಸ. ಅಲ್ಲಿ ನೆಲೆಸಿದ ಭಾರತೀಯರ ಸಂಘವೊಂದಿದೆ. ಅವರು ಆ ದೇಶದ ಜನಪ್ರತಿನಿಧಿಗಳ ಕಚೇರಿಗಳಿಗೆ ಹೋಗಿ, ಭಾರತ ಮತ್ತು ಅಮೆರಿಕ ಇನ್ನಷ್ಟು ಹತ್ತಿರವಾಗಬೇಕು, ವ್ಯಾಪಾರ, ಓದು, ಔಷಧ ಎಲ್ಲದರಲ್ಲೂ ಒಬ್ಬರಿಗೊಬ್ಬರು ಆಗಬೇಕು ಎಂದು ವಾದ ಮಾಡುತ್ತಾರೆ. ಸಂಬಳವಿಲ್ಲದ ಕೆಲಸ.

“ಅವ್ರೇನು ನಿನ್ ಮಾತ್ ಕೇಳರಾ ಕಣಮ್ಮಿ?” ಎಂದು ನಾನು ಒಮ್ಮೆ ಫೋನಿನಲ್ಲಿ ಕೇಳಿದೆ.

“ಕೇಳ್ಲೇಬೇಕು ಮಾವ. ನಾನೂ ಅಲ್ಲಿ ಓಟ್ ಹಾಕೋಳೇ. ಆದ್ರೆ ಒಂದ್ ಕಾಫಿ ಕುಡಿಯೋವಷ್ಟು ಹೊತ್ತು ಕೊಡ್ತಾರೆ. ದೊಡ್ಡ ದೊಡ್ಡ ಮಾತಾಡಿದ್ರೆ ಆಕಳಿಸ್ತಾರೆ. ಒಂದ್ ಊರು, ಒಬ್ಬ ಮನುಷ್ಯ, ಒಂದ್ ಫೋಟೋ ಅಂದ್ರೆ ಮಾತ್ರ ತಲೆ ಎತ್ತಿ ನೋಡ್ತಾರೆ.”

“ಎರಡೂ ದೊಡ್ಡ ಮನೆ. ಇಬ್ರಿಗೂ ಜಂಬ. ಮಧ್ಯದಲ್ಲಿ ನಿಂತೋರ್ ಗತಿ?”

“ಬೈಸ್ಕೊಳೋದೇ. ಅಲ್ಲಿ ಇಂಡಿಯಾದೋಳು ಅಂತಾರೆ, ಇಲ್ಲಿಗೆ ಬಂದ್ರೆ ಅಮೆರಿಕದೋಳು ಅಂತಾರೆ. ನೀನೇ ಅಂತಿದ್ದೆ ಹೋದ್ಸಲ.”

ಅವಳ ಕೆಲಸ ನನಗೆ ಆಗ ಪೂರ್ತಿ ಅರ್ಥವಾಯಿತು ಎಂದುಕೊಂಡೆ. ಬೀಗತನ ಮಾಡಿಸುವ ಕೆಲಸ ಅದು. ನಾನೂ ಸಂತೆಮರಹಳ್ಳಿ, ಕುದೇರು, ತೆರಕಣಾಂಬಿ ಎಂದು ಓಡಾಡಿ ಎಷ್ಟೋ ಮನೆಗಳ ನಡುವೆ ಮದುವೆ ಮಾತಾಡಿದವನು. ಹೆಣ್ಣು ನೋಡಲು ಬರುವ ದಿನ ಏನು ಮಾಡುತ್ತೇವೆ ಎಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಸೋರುವ ಕೋಣೆಯ ಬಾಗಿಲು ಮುಚ್ಚುತ್ತೇವೆ. ಕುಡಿಯುವ ಚಿಕ್ಕಪ್ಪನನ್ನು ಬೆಳಿಗ್ಗೆಯೇ ಬಸ್ಸು ಹತ್ತಿಸುತ್ತೇವೆ. ಪಕ್ಕದ ಮನೆಯ ಕುರ್ಚಿ ತರುತ್ತೇವೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಬಂದವರೂ ತಮ್ಮ ಮನೆಯಲ್ಲಿ ಅದನ್ನೇ ಮಾಡಿದವರು.

ಹೋದ ವರ್ಷ ಅಮೆರಿಕ ನಮ್ಮ ಸರಕಿನ ಮೇಲೆ ಸುಂಕ ಏರಿಸಿತು. ಕಾರ್ಖಾನೆಯವರು ಹೂವು ಕೊಳ್ಳುವುದನ್ನು ಕಡಿಮೆ ಮಾಡುವ ಮಾತಾಡತೊಡಗಿದರು. ತಂಗಿಯ ಮಗಳು ಅಲ್ಲಿ ಕಚೇರಿಯಿಂದ ಕಚೇರಿಗೆ ತಿರುಗಿದಳು. ಕೊನೆಗೆ ಒಬ್ಬ ಜನಪ್ರತಿನಿಧಿಯ ಕಚೇರಿಯಲ್ಲಿ ಬಹಳ ಕಾಲದಿಂದ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ಬೆಂಗಳೂರಿಗೆ ಬರುವವರಿದ್ದರು, ತಂಗಿಯ ಮಗಳ ಜೊತೆ ಒಂದು ಬೆಳಗಿನ ಮಟ್ಟಿಗೆ ಗುಂಡ್ಲುಪೇಟೆಗೆ ಬರಲು ಒಪ್ಪಿಕೊಂಡರು. ಆ ಹೆಂಗಸು ನೋಡಿದ್ದನ್ನು ಹೋಗಿ ಹೇಳಿದರೆ ಅವರ ಯಜಮಾನರಾದ ಆ ಜನಪ್ರತಿನಿಧಿ ಕೇಳುತ್ತಾರಂತೆ.

“ನಮ್ಮೂರ ಹೂವು ಅವ್ರ ಮನೆ ಮಾತ್ರೆ ಡಬ್ಬೀಲದೆ ಮಾವ, ಅವ್ರಿಗೇ ಗೊತ್ತಿಲ್ಲ. ಅದನ್ನ ಕಣ್ಣಲ್ಲಿ ತೋರಿಸ್ಬೇಕು. ಇದೊಂದು ಕೈಗೂಡಿದ್ರೆ ಸಾಕು ನನಗೆ,” ಎಂದಳು. ಸಂಘದಲ್ಲಿ ದೊಡ್ಡ ಡಾಕ್ಟರುಗಳು, ವ್ಯಾಪಾರಸ್ಥರು ಇದ್ದಾರೆ. ಅವರ ನಡುವೆ ಈ ನರ್ಸಿನ ಮಾತಿಗೆ ಮೊದಲ ಸಲ ಒಂದು ಬಾಗಿಲು ತೆರೆದಿತ್ತು.

ಅವರು ಬರುವ ದಿನ ನಾನು ಬೆಳಕು ಹರಿಯುವಷ್ಟರಲ್ಲಿ ಹೊಲದಲ್ಲಿದ್ದೆ. ಉಳಿದ ಹೊಲಗಳ ಹೂವು ಬಿಡಿಸಿ ಆಗಿತ್ತು. ಕಾಡಿಗೆ ಹತ್ತಿರದ ಒಂದು ಹೊಲವನ್ನು ಮಾತ್ರ ಅವರಿಗೆಂದೇ ಉಳಿಸಿಕೊಂಡಿದ್ದೆ. ಹಿಂದಿನ ಸಂಜೆ ಸೋನೆ ಬಿದ್ದು ನೆಲ ಮೆತ್ತಗಿತ್ತು. ಮಂಜು ಕವಿದಿತ್ತು. ಹಳ್ಳದ ಕಡೆಯ ಬದುವಿನಲ್ಲಿ, ಲಂಟಾನದ ಪೊದೆಯಿಂದ ಹೊರಟು ಹೂವಿನ ಸಾಲಿಗೆ ತಿರುಗಿದಂತೆ ಒಂದು ಹೆಜ್ಜೆ ಇತ್ತು. ನನ್ನ ಅಂಗೈ ಅದರೊಳಗೆ ಕುಳಿತುಕೊಳ್ಳುವಂತಿತ್ತು. ಅಂಚು ಇನ್ನೂ ಕುಸಿದಿರಲಿಲ್ಲ, ಒಳಗೆ ನೀರೂ ನಿಂತಿರಲಿಲ್ಲ. ಆ ಹೆಜ್ಜೆ ಹಳೆಯದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಯಿತು.

ಕೈ ತಾನಾಗಿಯೇ ಕೆಲಸ ಮಾಡಿತು. ಪಕ್ಕದಲ್ಲಿದ್ದ ಬುಟ್ಟಿ ತೆಗೆದು ಕವುಚಿದೆ. ವಾಚರ್‌ಗೆ ಹೇಳೋಣವೆಂದು ಫೋನ್ ತೆಗೆದೆ. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು.

“ಮಾವ, ಮೈಸೂರು ಬಿಟ್ವಿ. ಎಲ್ಲ ಸರಿಯಾಗದಾ?”

ಬುಟ್ಟಿಯನ್ನು ನೋಡುತ್ತಾ ನಿಂತೆ. ವಾಚರ್‌ಗೆ ತಿಳಿಸಿದರೆ ಆ ಅಂಚೆಲ್ಲ ಬಂದ್. ಜೀಪು, ಜನ, ಗದ್ದಲ. ಅಷ್ಟು ದೂರದಿಂದ ಬಂದ ಹೆಂಗಸು ‘ಇವರ ಊರಿನಲ್ಲಿ ಹುಲಿ’ ಎಂದು ಹೆದರಿ ವಾಪಸ್ಸು ಹೋಗಿ ಏನು ಹೇಳಿಯಾಳು? ತಂಗಿಯ ಮಗಳ ಮುಖ ಏನಾದೀತು? ಹೆಣ್ಣು ನೋಡಲು ಬಂದವರಿಗೆ ಬಾಗಿಲಲ್ಲೇ ಸೋರುವ ಕೋಣೆ ತೋರಿಸಿದಂತಾಗುತ್ತದೆ ಎನಿಸಿತು. ಹುಲಿ ಬಂದು ಹೋಗಿದೆ, ಹಗಲಿಗೆ ಕಾಡು ಸೇರಿದೆ ಎಂದು ನನಗೆ ನಾನೇ ಹೇಳಿಕೊಂಡೆ.

“ಎಲ್ಲ ಸರಿಯಾಗದೆ, ಬಾ ಕಣಮ್ಮಿ,” ಎಂದೆ.

ಬುಟ್ಟಿ ಎತ್ತಿದೆ. ಚಪ್ಪಲಿ ಬಿಟ್ಟು ಬರಿಗಾಲಿನಿಂದ ಹೆಜ್ಜೆಯನ್ನು ಉಜ್ಜಿದೆ. ನೆಲ ತಣ್ಣಗಿತ್ತು. ಹುಲಿ ನಮ್ಮ ಮಾದಪ್ಪನ ವಾಹನ. ಅದರ ಹೆಜ್ಜೆಯನ್ನು ಕಾಲಿನಿಂದ ಒರೆಸುತ್ತಿದ್ದೇನೆ ಎಂಬುದು ಒರೆಸಿದ ಮೇಲೆ ಹೊಳೆದು, ಕಾಲು ಅಲ್ಲೇ ಸೆಟೆದುಕೊಂಡಿತು.

ಸ್ವಲ್ಪ ಹೊತ್ತಿಗೆ ಹೆಂಗಸರು ಬಂದರು. ಮುಂದಾಳು ಎಂದಿನಂತೆ ಬದುವಿನ ಮೇಲೆ ತಲೆ ತಗ್ಗಿಸಿ ನಡೆದಳು. ನಾನು ಉಜ್ಜಿದ ಜಾಗದಲ್ಲಿ ನಿಂತಳು.

“ಇದ್ಯಾಕಣ್ಣ, ಇಲ್ಲಿ ನೆಲ ಕೆದ್ರುದಂಗದೆ?”

“ಕಾಲ್ ಜಾರ್ತು ಕಣವ್ವ.”

ಅವಳು ನನ್ನ ಮಣ್ಣಾದ ಕಾಲು ನೋಡಿ ನಕ್ಕಳು. “ಬೀಗ್ರು ಬರೋ ಒತ್ತುಗೆ ಬಿದ್ದು ಮೂಳೆ ಮುರ್ಕಬ್ಯಾಡ. ಒಂದ್ ಕೋಲಾದ್ರೂ ಇಟ್ಕ.” ಆಮೇಲೆ ಹಿಂದಕ್ಕೆ ತಿರುಗಿ ಕೂಗಿದಳು: “ಇಳೀರಮ್ಮಿ.”

ಕಾರು ಬಂತು. ಆ ಹಿರಿಯ ಹೆಂಗಸು ಬಿಳಿ ಕೂದಲಿನವರು, ತಲೆಗೊಂದು ಬಟ್ಟೆಯ ಟೋಪಿ. ಕಾರಿನಿಂದ ಇಳಿದವರೇ ಹಳದಿ ಹೊಲವನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ನಾನು ಮೂಟೆ ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್‌ಗೆ ಎಂಜಿನ್ ಆರಿಸಬೇಡ ಎಂದು ಮೊದಲೇ ಹೇಳಿದ್ದೆ. ಸದ್ದಿಗೆ ಹುಲಿ ದೂರ ಹೋದೀತು ಎಂಬ ಆಸೆ. ಆದರೆ ಬಂದವರಿಗೆ ಮಾತು ಕೇಳಿಸಲಿಲ್ಲ.

“ಅದನ್ನ ಆಫ್ ಮಾಡ್ಸು ಮಾವ,” ಎಂದಳು ತಂಗಿಯ ಮಗಳು.

“ಇರ್ಲಿ ಬುಡು ಕಣಮ್ಮಿ. ಆಫ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಗದಿಲ್ಲ.”

“ಹೊಸಾ ಟ್ರ್ಯಾಕ್ಟರು ಸ್ಟಾರ್ಟ್ ಆಗ್ದೆ ಏನಾದದು,” ಎಂದು ಡ್ರೈವರ್ ನಕ್ಕು ಆರಿಸಿಯೇ ಬಿಟ್ಟ.

ಆ ಮೌನವನ್ನು ನಾನು ಈಗಲೂ ಕನಸಿನಲ್ಲಿ ಕೇಳುತ್ತೇನೆ. ಹೂವು ಕೀಳುವ ಚಟಚಟ ಸದ್ದು, ಹೆಂಗಸರ ಬಳೆ, ಅಷ್ಟೇ. ಹಳ್ಳದ ಕಡೆಯಿಂದ ಕಡವೆಯೊಂದು ಒಂದೇ ಸಲ, ಗಂಟಲು ಒಡೆದಂತೆ ಕೂಗಿತು. ಕಡವೆ ಹಾಗೆ ಕೂಗುವುದು ಏನನ್ನು ಕಂಡಾಗ ಎಂದು ಅಲ್ಲಿದ್ದ ಹೆಂಗಸರಿಗೂ ಗೊತ್ತು. ಮುಂದಾಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಅದನ್ನು ಕೇಳಿಸಿಕೊಳ್ಳದವನಂತೆ ಮೂಟೆಯ ಬಾಯಿ ಕಟ್ಟತೊಡಗಿದೆ. ಬೆಳಿಗ್ಗೆ ನೆಲದಲ್ಲಿ ಏನೂ ಇರಲಿಲ್ಲವಲ್ಲ ಎಂದು ಅವಳು ಮತ್ತೆ ಬಗ್ಗಿದಳು. ಅದೇನು ಕೂಗು ಎಂದು ಅತಿಥಿ ಕೇಳಿದರು. ಕಾಡು ನಿಮ್ಮನ್ನು ಸ್ವಾಗತಿಸುತ್ತಿದೆ ಎಂದು ತಂಗಿಯ ಮಗಳು ಇಂಗ್ಲಿಷಿನಲ್ಲಿ ಹೇಳಿರಬೇಕು, ಅವರಿಬ್ಬರೂ ನಕ್ಕರು.

ಅತಿಥಿಗೆ ತಾನೂ ಹೂವು ಬಿಡಿಸಬೇಕೆಂದು ಆಸೆಯಾಯಿತು. ಮುಂದಾಳು ಅವರ ಕೈ ಹಿಡಿದು ಸಾಲಿನೊಳಕ್ಕೆ ಕರೆದುಕೊಂಡು ಹೋದಳು.

“ತೊಟ್ಟು ಇಡ್ಕಂಡು ಇಂಗೆ ಮುರೀಬೇಕು ಕಣವ್ವ. ಅಯ್ಯ, ಗಿಡನೇ ಕಿತ್ಬುಟ್ಲಲ್ಲ. ಇವ್ಳಿಗೆ ಕೂಲಿ ಕೊಡ್ಬ್ಯಾಡ ಕಣಣ್ಣ.”

ಎಲ್ಲರೂ ನಕ್ಕರು. ಇಬ್ಬರು ಹೆಂಗಸರು ಬಗ್ಗಿದ್ದರು. ಅವರ ಬೆನ್ನ ಹಿಂದೆ ಲಂಟಾನ. ನಾನು ಬದುವಿನ ಮೇಲೆ ನಿಂತು ಆ ಪೊದೆಯನ್ನೇ ನೋಡುತ್ತಿದ್ದೆ. ಒಂದು ಎಲೆ ಅಲ್ಲಾಡಿತು. ಕೂಗಿಬಿಡಬೇಕು ಎಂದು ಬಾಯಿಗೆ ಬಂತು. ತಂಗಿಯ ಮಗಳು ಆಗಲೇ ಫೋನ್ ಎತ್ತಿ ಹಿಡಿದಿದ್ದಳು. ಮಡಿಲ ತುಂಬ ಹೂವು ತುಂಬಿಕೊಂಡು, ಹೆಗಲಿಗೆ ಹೆಗಲು ತಾಗಿಸಿ ಇಬ್ಬರೂ ನಗುತ್ತಿರುವ ಫೋಟೋ ಆಗ ತೆಗೆದದ್ದು.

ಏನೂ ಆಗಲಿಲ್ಲ. ಅವರು ಹೊರಟರು. ಕುದೇರಿನಲ್ಲಿ ತಂಗಿಯ ಮನೆಯಲ್ಲಿ ಊಟ, ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ಹೆಂಗಸರಿಗೆ ಇನ್ನೂ ಅರ್ಧ ಹೊಲ ಉಳಿದಿತ್ತು. ಇವತ್ತಿಗೆ ಸಾಕು, ಮನೆಗೆ ಹೋಗಿ ಎಂದು ಹೇಳಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಕಾರಿನ ಬಾಗಿಲು ಹಾಕಿಕೊಂಡೆ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಎಂದು ಕೇಳಿದರೆ, ಹೆಜ್ಜೆ ಒರೆಸಿದ್ದಲ್ಲ, ಈ ಬಾಗಿಲು ಹಾಕಿಕೊಂಡದ್ದು. ಬಂದವರು ಕ್ಷೇಮವಾಗಿ ಹೊರಟ ಮೇಲೆ ನನ್ನ ಭಯ ಇಳಿದುಹೋಗಿತ್ತು.

ಚಾಮರಾಜನಗರ ಇನ್ನೂ ಸ್ವಲ್ಪ ದೂರವಿರುವಾಗ ಫೋನ್ ಬಂತು. ಟ್ರ್ಯಾಕ್ಟರ್ ಡ್ರೈವರ್. ಅವನ ದನಿ ಗುರುತು ಸಿಗಲಿಲ್ಲ.

“ಇಡ್ಕಬುಡ್ತು ಕಣಣ್ಣೋ. ಮುಂದಾಳಕ್ಕನ್ನ. ಎಗ್ಲಿಗೇ ಬಾಯಾಕ್ತು. ಕೂಗಾಡಿ ಟ್ರ್ಯಾಕ್ಟ್ರು ನುಗ್ಗುಸ್ದೆ, ಬುಟ್ಟೋಯ್ತು. ರಕ್ತ ನಿಲ್ತಾ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿವ್ನಿ.”

“ಯಾರು ಮಾವ?” ಎಂದಳು ತಂಗಿಯ ಮಗಳು, ಮುಂದಿನ ಸೀಟಿನಿಂದ ತಿರುಗಿ.

“ಶೆಡ್ಡಿಂದ,” ಎಂದೆ. “ತೂಕದ ವಿಷ್ಯ.”

ಚಾಮರಾಜನಗರದಲ್ಲಿ ಹಣ್ಣು ಕೊಳ್ಳಲು ಕಾರು ನಿಲ್ಲಿಸಿದರು. ಹಣ್ಣು ಆರಿಸಿ, ಅತಿಥಿಗೆ ಪೇಟೆಯೆಲ್ಲ ತೋರಿಸಿ, ಮತ್ತೆ ಹೊರಡುವ ಹೊತ್ತಿಗೆ ಹಿಂದಿನಿಂದ ಸೈರನ್ ಕೇಳಿಸಿತು. ಕಾರನ್ನು ಪಕ್ಕಕ್ಕೆ ತೆಗೆದುಕೊಂಡರು. ಆಂಬುಲೆನ್ಸ್ ನಮ್ಮನ್ನು ದಾಟಿ ಜಿಲ್ಲಾಸ್ಪತ್ರೆಯ ಕಡೆಗೆ ಹೋಯಿತು. ಅತಿಥಿ ಏನೋ ಹೇಳಿದರು. ತಂಗಿಯ ಮಗಳು ಖುಷಿಯಿಂದ ನನಗೆ ಕನ್ನಡದಲ್ಲಿ ಹೇಳಿದಳು: “ನೋಡು ಮಾವ, ಎಲ್ಲರೂ ಎಷ್ಟು ಚೆನ್ನಾಗಿ ದಾರಿ ಬಿಟ್ರು ಅಂತಿದಾರೆ.” ನಾನು ಕೈಯಲ್ಲಿದ್ದ ಬಾಳೆಹಣ್ಣನ್ನು ಹಿಚುಕಿ ಮುದ್ದೆ ಮಾಡಿದ್ದೆ. ಕುದೇರಿಗೆ ಹೋಗಿ ಎಲೆಯ ಮುಂದೆ ಕುಳಿತೆ. ತಂಗಿ ಬಡಿಸಿದ್ದನ್ನು ಉಂಡೆ.

ಮುಂದಾಳು ಬದುಕಿದಳು. ಬಲ ಹೆಗಲಿನ ಮಾಂಸ ಹೋಗಿ ಕೈ ಮೇಲಕ್ಕೆ ಏಳದಂತಾಯಿತು. ಇಲಾಖೆಯವರು ಬೋನಿಟ್ಟು ಹುಲಿಯನ್ನು ಹಿಡಿದುಕೊಂಡು ಹೋದರು. ಹುಲಿ ಹೋಯಿತು, ಊರಿನಲ್ಲಿ ಒಂದು ಮಾತು ಉಳಿಯಿತು. ಅಷ್ಟು ದೊಡ್ಡ ಹುಲಿ ಹೊಲದೊಳಗೆ ಮಲಗಿತ್ತು, ಮೆತ್ತನೆಯ ನೆಲ, ಮುಂದಾಳಿಗೆ ಹೆಜ್ಜೆ ಕಾಣಲಿಲ್ಲವೇ? ಅವಳ ಕಣ್ಣು ಮಂಜಾಗಿದೆ ಎಂದರು. ಬೇರೊಬ್ಬಳನ್ನು ಮುಂದಾಳು ಮಾಡಿಕೊಂಡರು. ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು.

“ನೋಡೇ ಇಳುದ್ದು ಕಣಣ್ಣ ನಾನು. ಎಂಗೆ ತಪ್ಪೋಯ್ತು?”

ನಾನು ಕಿತ್ತಳೆ ಸುಲಿದು ಅವಳ ಎಡಗೈಗೆ ಕೊಡುತ್ತಿದ್ದೆ.

ತಂಗಿಯ ಮಗಳಿಗೆ, ಅವಳು ಅಮೆರಿಕಕ್ಕೆ ಮರಳಿದ ಮೇಲೆ, ಮುಂದಾಳಿನ ಮೇಲೆ ಹುಲಿ ಬಿದ್ದದ್ದು ನೀವು ಹೋಗಿ ಎಷ್ಟೋ ದಿನದ ಮೇಲೆ ಎಂದು ಹೇಳಿದೆ. ಅವಳು ಫೋನಿನಲ್ಲಿ ಅತ್ತಳು. ಆ ಫೋಟೋ ಅಲ್ಲಿ ದೊಡ್ಡದಾಗಿ ಆ ಕಚೇರಿಯ ಗೋಡೆ ಸೇರಿತ್ತು. ಸಂಘದವರು ಯಾವ ಕಚೇರಿಗೆ ಹೋದರೂ ಅದನ್ನೇ ಮೊದಲು ತೋರಿಸುತ್ತಿದ್ದರಂತೆ. ಎರಡು ದೇಶದ ಗೆಳೆತನ ಎಂದರೆ ಏನು ಎಂದು ಕೇಳಿದವರಿಗೆ ಈ ಇಬ್ಬರು ಹೆಂಗಸರ ನಗು. ವಾಚರ್‌ನ ಬೈಕ್ ಕಂಡರೆ ಒಳಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸಿನಿಂದ ಎರಡು ಸಲ ಅರ್ಧ ದಾರಿಯಲ್ಲಿ ಇಳಿದು ವಾಪಸ್ಸು ಬಂದೆ. ಯಾವ ಮುಖ ಹೊತ್ತು ಅಲ್ಲಿ ನಿಲ್ಲಲಿ?

ಈ ವರ್ಷ ಬೀಜ ಬಿತ್ತಿ ಗಿಡ ಮೊಣಕಾಲಿಗೆ ಬಂದಿದ್ದಾಗ ತಂಗಿಯ ಮಗಳ ಫೋನ್ ಬಂತು.

“ಮಾವ, ಈ ಸಲ ಆ ಮೇಡಮ್ಮಿನ ಯಜಮಾನ್ರೇ ಬರ್ತಾರಂತೆ. ನಮ್ ಸಂಘದೋರೂ ಒಂದಷ್ಟು ಜನ. ಅದೇ ಹೊಲ, ಅದೇ ಅಕ್ಕ. ಹುಲಿ ಹಿಡಿದ್ರೂ ಎದ್ದು ನಿಂತ ಹೆಂಗಸು ಅಂತ ಎಲ್ಲರಿಗೂ ಹೇಳಿದೀನಿ. ಅದಕ್ಮುಂಚೆ ವಿಡಿಯೋ ಕಾಲಲ್ಲಿ ಆ ಅಕ್ಕ ಮೇಡಮ್ಮಿನ ಜೊತೆ ಮಾತಾಡ್ಬೇಕು. ಹೊಲ ಭದ್ರ ಅಂತ ನೀನೊಂದ್ ಮಾತು ಹೇಳಿಬಿಡು. ನಿನ್ ಮಾತಂದ್ರೆ ಸಾಕು ಅವ್ರಿಗೆ.”

ವಿಡಿಯೋ ಕಾಲಿನಲ್ಲಿ ಹಳೆಯ ಮುಂದಾಳು ಮಾತಾಡಿದರೆ, ‘ನೀವು ಬಂದಿದ್ದಿರಲ್ಲ, ಅವತ್ತೇ’ ಎಂದು ಹೇಳಿಬಿಡುತ್ತಾಳೆ. ನಾನು ಅವಳ ಮನೆಗೆ ಹೋದೆ. ಹೋದದ್ದು ತಪ್ಪೊಪ್ಪಿಕೊಳ್ಳಲು ಅಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳ ಬಾಯಲ್ಲಿ ಇನ್ನೊಂದು ಸುಳ್ಳು ಹೇಳಿಸಲು ಹೋಗಿದ್ದೆ.

ಅವಳು ಜಗಲಿಯ ಮೇಲೆ ಎಡಗೈಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ವಿಷಯ ಹೇಳಿದೆ. “ಅವ್ರು ಕೇಳುದ್ರೆ, ಅವತ್ತು ಅನ್ಬ್ಯಾಡ. ಎಷ್ಟೋ ದಿನ ಆದ್ಮೇಲೆ ಅನ್ನು,” ಎಂದೆ.

“ಯಾಕಣ್ಣ? ಆ ಮುದುಕಮ್ಮ ನೊಂದ್ಕತಾಳೆ ಅಂತ್ಲಾ?”

“ಹೂಂ.”

“ಅನ್ನಾನ ಬುಡು. ಒಳ್ಳೇ ಎಂಗ್ಸು. ನನ್ ಕೈ ಇಡ್ಕಂಡಿದ್ಲು.” ಕಾಯಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು. “ಊವ ಬಿಡ್ಸಕ್ಕೆ ಮಾತ್ರ ನನ್ನ ಸಾಲಿನೊಳಕ್ಕೆ ಕರೀಬ್ಯಾಡ. ನನ್ ಕಣ್ಣ ನಾನೇ ನಂಬದಿಲ್ಲ ಕಣಣ್ಣ ಈಗ. ನಾನೇ ಮುಂದೆ ನಡ್ಕಂಡೋದ್ನಲ್ಲ, ಆ ಮುದುಕಮ್ಮನ್ನೂ ಕರ್ಕಂಡು. ಅವ್ಳ ಮೇಲೇ ಬಿದ್ದಿದ್ರೆ? ನಾನೇ ಸಾಯ್ಸಿದಂಗಾಯ್ತಿತ್ತು.”

ನಾನು ಜಗಲಿಯ ಕಂಬ ಹಿಡಿದುಕೊಂಡೆ.

“ಹೆಜ್ಜೆ ಇತ್ತು. ಬುಟ್ಟಿ ಕವುಚಿದ್ದೆ. ನಾನೇ ಎತ್ತಿ ಒರೆಸ್ಬುಟ್ಟೆ.”

ಅವಳ ಕೈಯಿಂದ ಕಾಯಿ ಬೀಳಲಿಲ್ಲ. ಬಿಡಿಸುವುದನ್ನು ನಿಲ್ಲಿಸಿದಳು, ಅಷ್ಟೇ. ಆಮೇಲೆ ಹೇಳಿದಳು: “ಕಾಲ್ ಜಾರ್ತು ಅಂದಲ್ಲ.”

“ಅಂದೆ.”

“ನಾನು ನಗಾಡ್ದೆ.”

ನಾನು ಅವಳ ಕಾಲಿನ ಬಳಿ ಕುಳಿತೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ನನ್ ಕಣ್ಣು ಸರ್ಯಾಗೇ ಅದೆ ಅನ್ನು,” ಎಂದಳು ಕೊನೆಗೆ, ತನಗೇ ಹೇಳಿಕೊಳ್ಳುವಂತೆ. “ನಾಳೆ ಬೆಳಿಗ್ಗೆ ಶೆಡ್ ತಾವಕ್ಕೆ ಬತ್ತೀನಿ. ಎಲ್ರ ಮುಂದೇನೂ ಈ ಮಾತ ಏಳು. ಆಮೇಲೆ ಆ ಊರ್ನೋರಿಗೂ ಏಳು. ನನ್ ಬಾಯಲ್ಲಿ ಯಾವ ದಿನಾನೂ ಏಳುಸ್ಬ್ಯಾಡ.”

ಶೆಡ್ಡಿನಲ್ಲಿ ಹೇಳಿದೆ. ಹೆಂಗಸರೆಲ್ಲ ನಿಂತು ಕೇಳಿದರು. ಹೊಸ ಮುಂದಾಳು ತನ್ನ ತಲೆಯ ಮೇಲಿನ ಬುಟ್ಟಿ ಇಳಿಸಿ, ಹಳಬಳ ಕಾಲ ಬಳಿ ಇಟ್ಟು ಹಿಂದೆ ಸರಿದಳು. ಟ್ರ್ಯಾಕ್ಟರ್ ಡ್ರೈವರ್ ನನ್ನ ಮುಖ ನೋಡದೆ, “ಅದುಕ್ಕಾ ಎಂಜಿನ್ ಆರುಸ್ಬ್ಯಾಡ ಅಂದದ್ದು,” ಎಂದ. ಕಾರ್ಖಾನೆಯವರಿಗೆ ತಿಳಿಸಿ ನನ್ನನ್ನು ಬಿಡಿಸುತ್ತಾರೆ ಎಂದುಕೊಂಡಿದ್ದೆ. ಹಾಗಾಗಿದ್ದರೆ ಸುಲಭವಾಗಿರುತ್ತಿತ್ತು.

“ಬುಟ್ಟಿ ಎತ್ತುದೋನು ನೀನು,” ಎಂದಳು ಹಳೆಯ ಮುಂದಾಳು. “ಇನ್ ಮೇಲೆ ದಿನಾ ಮೊದ್ಲು ಒಲುಕ್ಕೆ ಇಳಿಯೋನೂ ನೀನೇ. ನಾವು ಬದಿನ ಮೇಲೆ ನಿಂತಿರ್ತೀವಿ. ನೀನು ಆ ಮೂಲೆ ತನ್ಕ ಓಗಿ ಬಂದ್ ಮೇಲೆ ನಾವ್ ಇಳಿಯದು.”

ಆ ಸಂಜೆ ತಂಗಿಯ ಮಗಳಿಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಮಾವ. ಆ ಆಂಬುಲೆನ್ಸು?”

“ಹೂಂ.”

ಫೋನ್ ಇಟ್ಟಳು. ಮತ್ತೆ ಅವಳು ಫೋನ್ ಮಾಡುವ ತನಕ ಅವಳ ತಾಯಿಯೂ ನನ್ನ ಜೊತೆ ಮಾತಾಡಲಿಲ್ಲ. ಮಾಡಿದಾಗ ಅವಳ ದನಿ ನರ್ಸಿನ ದನಿಯಾಗಿತ್ತು. ಸಂಘದಲ್ಲಿ ಕೆಲವರು, ನಡೆಯುತ್ತಿರುವ ಒಳ್ಳೆಯ ಕೆಲಸವನ್ನು ಯಾಕೆ ಕೆಡಿಸುತ್ತೀಯ, ಸುಮ್ಮನಿರು ಎಂದರಂತೆ. ಅವಳು ಸುಮ್ಮನಿರಲಿಲ್ಲ. ಆ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಫೋಟೋವನ್ನು ಗೋಡೆಯಿಂದ ತೆಗೆದರು.

“ಮೇಡಮ್ಮು ಏನಂದ್ರು?” ಎಂದೆ.

“ಯಾಕೆ ನಮಗೆ ಹೇಳ್ಲಿಲ್ಲ ಅಂತ ಕೇಳಿದ್ರು. ಹೇಳಿದ್ದಿದ್ರೆ ಶೆಡ್ಡಲ್ಲೇ ಕೂತು ಮಾತಾಡಿ ಬರ್ತಿದ್ವಲ್ಲ ಅಂದ್ರು.” ಆಮೇಲೆ ಅವಳೇ ಮುಂದುವರಿಸಿದಳು. “ನಾನು ಅಲ್ಲಿ ಅವ್ರಿಗೆ ದಿನಾ ಹೇಳೋದು ಅದೇ ಮಾವ. ನಮ್ಮ ದೇಶದ ತಪ್ಪೂ ಹೇಳ್ತೀವಿ, ನಿಮ್ಮ ದೇಶದ ತಪ್ಪೂ ಹೇಳ್ತೀವಿ, ಆಮೇಲೂ ಜೊತೆಗಿರೋಣ ಅಂತ. ಬೀಗತನ ಅಲ್ಲ ಅದು. ನಿನಗೆ ನಾನು ಸರಿಯಾಗಿ ಹೇಳ್ಕೊಡಲಿಲ್ಲ.”

ತಪ್ಪನ್ನು ಅವಳು ತನ್ನ ಮೇಲೂ ಸ್ವಲ್ಪ ಹಾಕಿಕೊಂಡದ್ದು ನನಗೆ ಇನ್ನೂ ನೋವು ಕೊಡುತ್ತದೆ. ಅವರ ಯಜಮಾನರು ಬರುತ್ತಾರೋ ಇಲ್ಲವೋ ಈಗ ಗೊತ್ತಿಲ್ಲ. ಬಂದರೆ ಶೆಡ್ಡಿನಲ್ಲಿ ಕುಳಿತುಕೊಳ್ಳುತ್ತಾರೆ. ಆ ಅಕ್ಕ ಒಪ್ಪಿದರೆ ಮಾತಾಡುತ್ತಾಳೆ, ಒಪ್ಪದಿದ್ದರೆ ಇಲ್ಲ. ಸುಂಕ ಇಳಿದಿಲ್ಲ. ತಂಗಿಯ ಮಗಳು ಫೋಟೋ ಇಲ್ಲದೆಯೇ ಕಚೇರಿಗಳಿಗೆ ಹೋಗುತ್ತಿದ್ದಾಳೆ, ಮೊದಲಿನಷ್ಟು ಬಾಗಿಲುಗಳು ತೆರೆಯುವುದಿಲ್ಲವಂತೆ.

ಈಗ ಹೂವು ಬಿಟ್ಟಿದೆ. ಬೆಳಿಗ್ಗೆ ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬುಟ್ಟಿ ಹಿಡಿದು ಮೊದಲು ಇಳಿಯುತ್ತೇನೆ. ಇಬ್ಬನಿಗೆ ಪಂಚೆ ನೆನೆದು ಕಾಲಿಗೆ ಅಂಟಿಕೊಳ್ಳುತ್ತದೆ. ಎರಡೂ ಕಡೆ ಸೊಂಟದೆತ್ತರ ಹಳದಿ. ಪ್ರತಿ ಸಾಲಿನ ತುದಿಯಲ್ಲೂ ಎದೆ ನಿಂತಂತಾಗುತ್ತದೆ, ದಿನ ಕಳೆದಂತೆ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ನೆಲ ನೋಡುತ್ತೇನೆ, ಪೊದೆ ನೋಡುತ್ತೇನೆ, ಮತ್ತೆ ನೆಲ ನೋಡುತ್ತೇನೆ. ಹಿಂದೆ ಬದುವಿನ ಮೇಲೆ ಹೆಂಗಸರು ನೆಟ್ಟಗೆ ನಿಂತಿರುತ್ತಾರೆ. ಅವರ ಮುಂದೆ ಅವಳು, ಸೆರಗಿನೊಳಗೆ ಬಲಗೈ ಇಟ್ಟುಕೊಂಡು.

ಹಳ್ಳದ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಅವಳಿಗೆ ಅದು ಅಷ್ಟು ದೂರದಿಂದಲೂ ಕಾಣುತ್ತದೆ.

“ಇನ್ನೂ ಮುಂದುಕ್ಕೋಗು ಕಣಣ್ಣ,” ಎಂದು ಕೂಗುತ್ತಾಳೆ. “ಆ ಮೂಲೆ ನೋಡ್ಲಿಲ್ಲ ನೀನು.”

ನಾನು ಹೋಗುತ್ತೇನೆ.